ಬೇಗೆಗೂ ಬೇಗಕ್ಕೂ ನಂಟಿದೆಯೇ?

ಪ್ರಶ್ನೆ: ನಾವು ರಾಯಚೂರಿನವರು. 'ಬಿಸಿಲ ಬೇಗೆಗೆ ಜನ ತತ್ತರ' ಅಂತ ಪೇಪರಿನಲ್ಲಿ ಓದಿದ ಮಗಳು, 'ಬೇಗೆ ಅಂದ್ರೆ ಬೇಗ ಬೇಗ ಸುಡೋದಾ?' ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಈ ಪದ ಎಲ್ಲಿಂದ ಬಂತು? ಬೇಸಿಗೆಗೂ ಇದಕ್ಕೂ ಸಂಬಂಧ ಇದೆಯೇ?

ಉತ್ತರ: ಮಗಳ ಊಹೆ ಚೆನ್ನಾಗಿದೆ, ಆದರೆ ಎರಡೂ ಬೇರೆ. 'ಬೇಗ' ಸಂಸ್ಕೃತದ 'ವೇಗ'ದ ತದ್ಭವ. 'ಬೇಗೆ' ಅಚ್ಚಗನ್ನಡ. ಅದರ ಬೇರು ನಿಮ್ಮ ಅಡುಗೆಮನೆಯಲ್ಲೇ ಇದೆ. ಕುಕ್ಕರ್ ಮುಚ್ಚಳ ತೆಗೆದು, ಒಂದು ಬೇಳೆಯನ್ನು ಬೆರಳಲ್ಲಿ ಹಿಸುಕಿ 'ಬೆಂದಿದೆ' ಅಂತೀರಲ್ವಾ, ಆ ಬೇಯುವುದೇ ಇದಕ್ಕೆ ಮೂಲ.

ಹಳಗನ್ನಡದಲ್ಲಿ ಈ ಧಾತು ಬರೀ 'ಬೇ'. ನೋ–ನೊಂದ, ಮೀ–ಮಿಂದ ಇದ್ದ ಹಾಗೆ ಬೇ–ಬೆಂದ. ಉಡು 'ಉಡುಗೆ' ಆದಂತೆ, ತೊಡು 'ತೊಡುಗೆ' ಆದಂತೆ, ಬೇ 'ಬೇಗೆ' ಆಯಿತು. ಆಗ ಬೇಯುವುದು ಎಂದರೆ ಅನ್ನ-ಬೇಳೆಯ ಮಾತಷ್ಟೇ ಅಲ್ಲ, ಸುಟ್ಟುಹೋಗುವುದೂ ಹೌದು. ಹಾಗಾಗಿ ಹಳೆಯ ಕನ್ನಡದಲ್ಲಿ ಬೇಗೆ ಅಂದರೆ ಬೆಂಕಿಯೇ, ಕಾಡ್ಗಿಚ್ಚೇ. ಬರಬರುತ್ತಾ ಬೆಂಕಿ ಆರಿ, ಪದದಲ್ಲಿ ಕಾವು ಮಾತ್ರ ಉಳಿಯಿತು. ಮನಸ್ಸಿಗೂ ಇದೇ ಧಾತು ಹತ್ತಿಕೊಂಡಿದೆ: ಬೇ ಜೊತೆಗೆ ಕುದಿ ಸೇರಿ 'ಬೇಗುದಿ'. ಒಳಗೊಳಗೇ ಬೇಯುವುದು, ಕುದಿಯುವುದು. ನನಗೆ ತುಂಬಾ ಇಷ್ಟವಾದ ಪದ ಇದು.

ಬೇಸಿಗೆಯೂ ಇದೇ ಮನೆಯದು. ತಮಿಳಿನ ವೇನಿಲ್, ಮಲಯಾಳದ ವೇನಲ್, ತೆಲುಗಿನ ವೇಸವಿ ಎಲ್ಲವೂ ಬೇಸಿಗೆಯ ಅಕ್ಕತಂಗಿಯರು. ಅಲ್ಲಿ 'ವ' ಇದ್ದಲ್ಲಿ ನಮ್ಮಲ್ಲಿ 'ಬ' ಬರುತ್ತದೆ. ತಮಿಳಿನ ವಾಯ್ ನಮಗೆ ಬಾಯಿ, ವೇರ್ ನಮಗೆ ಬೇರು. ನಿಮ್ಮ ಕಡೆಯ 'ಬ್ಯಾಸಿಗಿ'ಯ ಒಳಗೂ ಅದೇ 'ಬೇ' ಕೂತಿದೆ.

ಬೆಂದಕಾಳೂರಿನಲ್ಲೂ ಇದೇ 'ಬೆಂದ' ಅಲ್ವಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಲ್ಲಾಳರಾಯನಿಗೆ ಅಜ್ಜಿ ಬೇಯಿಸಿದ ಕಾಳು ಕೊಟ್ಟ ಕಥೆ ಚೆಂದವೇ. ಆದರೆ ಸುಮಾರು 900ರ ಬೇಗೂರಿನ ವೀರಗಲ್ಲಿನಲ್ಲಿ ಆಗಲೇ 'ಬೆಂಗಳೂರು' ಇದೆ. ಹೊಯ್ಸಳ ಬಲ್ಲಾಳರೆಲ್ಲ ಆಮೇಲಿನವರು.

ಇನ್ನೊಂದು ಮಾತು. ಬೇಗೆ, ಸೆಕೆ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಮಧ್ಯಾಹ್ನ ಬಾಗಿಲು ತೆರೆದ ಕೂಡಲೇ ಮುಖಕ್ಕೆ ರಾಚುವ ನಿಮ್ಮೂರಿನ ಒಣ ಕಾವು ಬೇಗೆ. ಬೆವರಿ ಅಂಗಿ ಬೆನ್ನಿಗೆ ಅಂಟಿದರೆ ಅದು ಸೆಕೆ. ಪೇಪರಿನವರು ಕರಾವಳಿಯ ಸುದ್ದಿಗೂ ಸುಮ್ನೆ 'ಬೇಗೆ' ಅಂತ ತಲೆಬರಹ ಕೊಡುತ್ತಾರೆ. ಮಂಗಳೂರಿನವರನ್ನು ಕೇಳಿ ನೋಡಿ, 'ಎಂತ ಸೆಕೆ ಮಾರಾಯ್ರೆ' ಅಂತಾರೆ.