ಸಲೀಂ ಅಲಿ ಫಲಕಕ್ಕೆ ಯಾವ ಗುಬ್ಬಿ?

ಪಕ್ಷಿತಜ್ಞ ಸಲೀಂ ಅಲಿ ಬಗ್ಗೆ ಪುಣೆಯ ನಿಮ್ಮ ಕನ್ನಡ ಸಂಘ ಮಾಡಿದ ಮಕ್ಕಳ ಫಲಕದಲ್ಲಿ ಗುಬ್ಬಿ ಚಿತ್ರ ತಪ್ಪು ಅಂತ ಯಾರೋ ಹೇಳಿದ್ದು ಸರಿಯೇ. ನೀವು ಹಾಕಿರುವುದು ಮನೆಗುಬ್ಬಿ, ಗಂಟಲಲ್ಲಿ ಕಪ್ಪು ಮಚ್ಚೆ ಇರುವುದು. ಹುಡುಗ ಸಲೀಂ ಏರ್‌ಗನ್ನಿನಿಂದ ಹೊಡೆದದ್ದು ಹಳದಿ ಕೊರಳಿನ ಗುಬ್ಬಿ. ಅದೇನೆಂದು ತಿಳಿಯದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಬಳಿಗೆ ಒಯ್ದ. ಮನೆಗುಬ್ಬಿಯಾಗಿದ್ದರೆ ಕೇಳುವ ಅಗತ್ಯವೇ ಇರುತ್ತಿರಲಿಲ್ಲವಲ್ಲ!

ಮೊದಲು ಅದರ ವೈಜ್ಞಾನಿಕ ಹೆಸರು 'ಜಿಮ್ನೋರಿಸ್ ಕ್ಸಾಂಥೊಕಾಲಿಸ್' ಎಂದು ಹುಡುಕಿ; ಹಳೆಯ ಪುಸ್ತಕಗಳಲ್ಲಿ 'ಪೆಟ್ರೋನಿಯಾ' ಎಂದಿರುತ್ತದೆ, ಹಕ್ಕಿ ಒಂದೇ. ಗಂಡಿನ ಫೋಟೊವನ್ನೇ ಆರಿಸಿ: ಗೆರೆಗಳಿಲ್ಲದ ಬೂದು-ಕಂದು ಬೆನ್ನು, ಹೆಗಲಲ್ಲಿ ಕೆಂಗಂದು ಪಟ್ಟೆ, ರೆಕ್ಕೆಯಲ್ಲಿ ಬಿಳಿ ಗೆರೆ, ಗಂಟಲ ಕೆಳಗೆ ಹಳದಿ. ಹೆಣ್ಣಿನಲ್ಲಿ ಹಳದಿ ತೀರ ಮಸುಕು, ಫೋಟೊ ನೋಡಿ ಖಚಿತ ಹೇಳುವುದು ಕಷ್ಟ.

ಆಮೇಲೆ ಫಲಕದ ಒಕ್ಕಣೆ. ಸಲೀಂ ಅಲಿ ಹುಟ್ಟು 12 ನವೆಂಬರ್ 1896, ಮುಂಬೈ. ನಿಧನಕ್ಕೆ 1987 ಎಂದಷ್ಟೇ ಬರೆಯಿರಿ, ತಾರೀಖು ಒಂದೊಂದು ಕಡೆ ಒಂದೊಂದು ಥರ ಇದೆ. 'ದ ಬುಕ್ ಆಫ್ ಇಂಡಿಯನ್ ಬರ್ಡ್ಸ್' 1941ರದ್ದು, ಆತ್ಮಕಥೆ 'ದ ಫಾಲ್ ಆಫ್ ಎ ಸ್ಪ್ಯಾರೋ' 1985ರದ್ದು. ಇವೆರಡನ್ನು ಅದಲುಬದಲು ಮಾಡಬೇಡಿ. ಜಾಗ ಉಳಿದರೆ ಅಮೆರಿಕದ ಪಕ್ಷಿತಜ್ಞ ರಿಪ್ಲೆ ಜತೆ ಬರೆದ ಹಕ್ಕಿಗಳ ಕೈಪಿಡಿಯ 10 ಸಂಪುಟಗಳನ್ನೂ ಸೇರಿಸಿ.