ನೋಡಿ ಬಂದ ಊರಿನಲ್ಲಿ ಕೊಲೆಗಾರನನ್ನು ಓಡಿಸುವುದು ಹೇಗೆ?

ಪ್ರಶ್ನೆ: ಕಳೆದ ವರ್ಷ ವೆನಿಸ್ ನೋಡಿ ಬಂದೆ. ಈಗ ಅಲ್ಲೇ ನಡೆಯುವ ಥ್ರಿಲ್ಲರ್ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಓದಿದ ಸ್ನೇಹಿತರು ‘ವರ್ಣನೆ ಚೆನ್ನಾಗಿದೆ, ಆದರೆ ಪ್ರವಾಸ ಕಥನ ಓದಿದ ಹಾಗಾಗುತ್ತದೆ’ ಎನ್ನುತ್ತಾರೆ. ನಾನೇ ತೆಗೆದ ಫೋಟೊಗಳನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಎಡವಟ್ಟು ಎಲ್ಲಿ?

ಫೋಟೊಗಳಲ್ಲೇ ಇರಬೇಕು ಎಂದು ನನ್ನ ಗುಮಾನಿ. ಪ್ರವಾಸದಲ್ಲಿ ನಾವು ಕಣ್ಣಿಗೆ ಹಿತವಾದದ್ದರ ಫೋಟೊ ತೆಗೆಯುತ್ತೇವೆ. ಥ್ರಿಲ್ಲರ್‌ಗೆ ಬೇಕಾದದ್ದು ಕಾಲಿಗೆ ಅಡ್ಡ ಬಂದದ್ದು. ದಾರಿ ತಪ್ಪಿದ ಓಣಿಯನ್ನು, ಬೀಗ ಹಾಕಿದ್ದ ಗೇಟನ್ನು, ಕೊನೆಯ ದೋಣಿ ಹೊರಟುಹೋದ ಖಾಲಿ ಕಟ್ಟೆಯನ್ನು ಯಾರೂ ಫೋಟೊ ತೆಗೆಯುವುದಿಲ್ಲ. ಹಾಗಾಗಿ ಮೊಬೈಲನ್ನು ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಊರು ನನ್ನ ನಾಯಕಿಗೆ ಏನನ್ನು ಮಾಡಲು ಬಿಡುವುದಿಲ್ಲ?

ವೆನಿಸ್ ಈ ವಿಷಯದಲ್ಲಿ ಧಾರಾಳಿ. ಊರನ್ನು ಸೀಳಿಕೊಂಡು ಹೋಗುವ ಗ್ರ್ಯಾಂಡ್ ಕೆನಾಲ್‌ನ ಉದ್ದ ಸುಮಾರು 3.8 ಕಿಲೋಮೀಟರ್. ನಡೆದು ದಾಟಲು ಇರುವುದು ನಾಲ್ಕೇ ಸೇತುವೆ. ಅದರಲ್ಲೂ ನಾಲ್ಕನೆಯದು ತೆರೆದದ್ದು 2008ರಲ್ಲಿ. ನಿಮ್ಮ ಕಥೆ ಅದಕ್ಕಿಂತ ಹಿಂದಿನದಾದರೆ ಮೂರೇ. ಅಂದರೆ ಬೆನ್ನಟ್ಟುವ ಗುಂಪು ಇಡೀ ಊರನ್ನು ಜಾಲಾಡಬೇಕಿಲ್ಲ, ಸೇತುವೆಗೊಬ್ಬ ಆಳು ನಿಂತರೆ ಸಾಕು. ದಡದಿಂದ ದಡಕ್ಕೆ ಜನರನ್ನು ದಾಟಿಸುವ ಗೊಂಡೊಲಾಗಳೇನೋ ಇವೆ. ಆದರೆ ಅವು ಹಗಲಿನ ವ್ಯವಹಾರ. ನಾಯಕಿ ಕತ್ತಲಾದ ಮೇಲೆ ತಪ್ಪಿಸಿಕೊಳ್ಳಬೇಕು ಎಂದು ತೀರ್ಮಾನಿಸಿದ ಕ್ಷಣ ನಿಮ್ಮ ಅಧ್ಯಾಯಕ್ಕೆ ಬೆನ್ನೆಲುಬು ಬಂತು.

ವಿಳಾಸದ ಗೋಜಲು ಇನ್ನೂ ಸ್ವಾರಸ್ಯದ್ದು. ಹಳೆಯ ವೆನಿಸ್‌ನಲ್ಲಿ ಆರು ವಿಭಾಗಗಳಿವೆ. ಮನೆ ಸಂಖ್ಯೆಗಳು ಬೀದಿಯ ಲೆಕ್ಕದಲ್ಲಿಲ್ಲ, ಇಡೀ ವಿಭಾಗದ ಲೆಕ್ಕದಲ್ಲಿವೆ. ಹಾಗಾಗಿ ಸಾವಿರಗಟ್ಟಲೆ ಏರುತ್ತವೆ. ವಿಭಾಗದ ಹೆಸರು, ನಾಲ್ಕಂಕಿಯ ಒಂದು ಸಂಖ್ಯೆ ಇಷ್ಟೇ ಬರೆದ ಚೀಟಿ ಹಿಡಿದು ರಾತ್ರಿ ಬಂದಿಳಿದ ಹೊಸಬಳ ಪಾಡು ಏನಾಗಬೇಡ! ಆ ಸಂಖ್ಯೆಯ ಬಾಗಿಲು ಎಲ್ಲಿದೆ ಎಂದು ಬಲ್ಲವನು ಸ್ಥಳೀಯ ಮಾತ್ರ. ಅವನು ಯಾರ ಕಡೆಯವನು ಎಂಬುದು ನಿಮ್ಮ ಕೈಯಲ್ಲಿದೆ. ಮೋಟಾರು ವಾಹನಗಳಿಲ್ಲದ ಊರಾದ್ದರಿಂದ ರಾತ್ರಿಯ ಓಣಿಯಲ್ಲಿ ಹೆಜ್ಜೆ ಸಪ್ಪಳ ದೂರದಿಂದಲೇ ಕೇಳುತ್ತದೆ ಎಂಬುದನ್ನೂ ಮರೆಯಬೇಡಿ. ಬೆನ್ನಟ್ಟುವವನ ಸಪ್ಪಳ ನಾಯಕಿಗೆ ಕೇಳಿದರೆ, ಇವಳದೂ ಅವನಿಗೆ ಕೇಳುತ್ತದೆ.

ನೀವು ಕಳಿಸಿದ ಪುಟದಲ್ಲಿ ಹೀಗಿದೆ: ‘ಬೆಳದಿಂಗಳಲ್ಲಿ ಕಾಲುವೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಇಕ್ಕೆಲದ ಕಟ್ಟಡಗಳು ಶತಮಾನಗಳ ಕಥೆ ಹೇಳುತ್ತಿದ್ದವು.’ ಈ ಸಾಲುಗಳಲ್ಲಿ ಯಾರಿಗೂ ಯಾವ ಅಪಾಯವೂ ಇಲ್ಲ. ಅದೇ ಜಾಗವನ್ನು ಹೀಗೆ ಬರೆದು ನೋಡಿ: ‘ಓಣಿ ನೀರಿಗೆ ಬಂದು ಮುಗಿಯಿತು. ನಾಲ್ಕು ಮೆಟ್ಟಿಲು, ಕೊನೆಯ ಎರಡಕ್ಕೆ ಪಾಚಿ. ಎದುರು ಗೋಡೆಯ ಕಿಟಕಿಯಲ್ಲಿ ಯಾರೋ ದೀಪ ಆರಿಸಿದರು. ಹಿಂದೆ ಬರುತ್ತಿದ್ದ ಹೆಜ್ಜೆ ನಿಂತಿತು.’ ಊರು ಅದೇ, ಕಾಲುವೆಯೂ ಅದೇ. ಬೆಳದಿಂಗಳು ಬೇಕೇ ಬೇಕೆಂದರೆ ಇರಲಿ, ಆದರೆ ಅದು ನಾಯಕಿಯನ್ನು ಬಯಲಿಗೆ ಬೀಳಿಸುವ ಬೆಳಕಾಗಲಿ.

ಪ್ರವಾಹದ ದೃಶ್ಯ ಬರೆಯುವ ಆಸೆ ನಿಮಗೂ ಬರುತ್ತದೆ, ಎಲ್ಲರಿಗೂ ಬರುತ್ತದೆ. 2019ರ ನವೆಂಬರ್ 12ರಂದು ಅಲ್ಲಿ ನೀರು 187 ಸೆಂಟಿಮೀಟರ್ ಮಟ್ಟ ಮುಟ್ಟಿತ್ತು. ಆದರೆ ಸಮುದ್ರದ ಉಬ್ಬರವನ್ನು ತಡೆಯುವ ‘ಮೋಸೆ’ ಗೇಟುಗಳು 2020ರ ಅಕ್ಟೋಬರ್‌ನಿಂದ ಕೆಲಸ ಮಾಡುತ್ತಿವೆ. ಕಥೆ ಅದರ ನಂತರದ್ದಾದರೆ, ನಾಯಕಿ ಸೊಂಟಮಟ್ಟದ ನೀರಿನಲ್ಲಿ ಓಡುವ ಮುನ್ನ ಆ ಗೇಟುಗಳು ಏಕೆ ಏಳಲಿಲ್ಲ ಎಂಬುದಕ್ಕೆ ಕಾರಣ ಹೇಳಬೇಕಾಗುತ್ತದೆ. ನಿಜ ಹೇಳಬೇಕೆಂದರೆ, ಆ ಕಾರಣವೇ ಒಳ್ಳೆಯ ಕಥಾವಸ್ತು.

ಪ್ರಶ್ನೆ: ನನ್ನ ಪ್ರವಾಸಗಳಲ್ಲಿ ರೋಚಕವಾದದ್ದು ಏನೂ ನಡೆದಿಲ್ಲ. ರೈಲು ತಡವಾಯಿತು, ಸೂಟ್‌ಕೇಸ್ ಕಳೆಯಿತು, ಅಷ್ಟೇ. ಇದರಿಂದ ಏನು ಬರೆಯಲಿ?

ರೈಲು ತಡವಾದದ್ದು ಕಡಿಮೆಯಾಯಿತೇ? 1931ರ ಡಿಸೆಂಬರ್‌ನಲ್ಲಿ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ಪ್ರಯಾಣಿಸುತ್ತಿದ್ದ ಓರಿಯಂಟ್ ಎಕ್ಸ್‌ಪ್ರೆಸ್ ಭಾರಿ ಮಳೆಗೆ ಹಳಿ ಕೊಚ್ಚಿಹೋಗಿ ದಾರಿಯಲ್ಲೇ ನಿಂತಿತ್ತು. 1929ರಲ್ಲಿ ಅದೇ ಹೆಸರಿನ ರೈಲು ಟರ್ಕಿಯಲ್ಲಿ ಹಿಮಕ್ಕೆ ಸಿಕ್ಕಿ ದಿನಗಟ್ಟಲೆ ಕದಲದೆ ನಿಂತದ್ದೂ ಆಗ ದೊಡ್ಡ ಸುದ್ದಿ. 1934ರಲ್ಲಿ ಬಂದ ಕ್ರಿಸ್ಟಿಯವರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಕಾದಂಬರಿಯಲ್ಲಿ ರೈಲನ್ನು ನಿಲ್ಲಿಸಿದ್ದು ಮಳೆಯಲ್ಲ, ಹಿಮ. ನನ್ನ ಓದಿನಲ್ಲಿ ಈ ಬದಲಾವಣೆಯೇ ಕಸುಬುದಾರಿಕೆ. ಹಿಮದ ಮೇಲೆ ಹೆಜ್ಜೆ ಗುರುತು ಉಳಿಯುತ್ತದೆ. ಗುರುತು ಇಲ್ಲವೆಂದರೆ ಕೊಲೆಗಾರ ಇಳಿದು ಹೋಗಿಲ್ಲ, ಒಳಗೇ ಇದ್ದಾನೆ.

ನಿಮ್ಮ ಸೂಟ್‌ಕೇಸ್‌ನ ಸಂಗತಿಗೂ ಇದೇ ಉಪಾಯ. ನಿಮಗೆ ಬರೀ ಕಿರಿಕಿರಿಯಾಗಿದ್ದದ್ದನ್ನು ಯಾರಿಗೆ ಅದು ಪ್ರಾಣಸಂಕಟವಾಗುತ್ತದೋ ಅವರ ತಲೆಗೆ ಕಟ್ಟಿ. ಕಳೆದ ಪೆಟ್ಟಿಗೆಗೆ ದೂರು ಕೊಡಲಾಗದವನು ಯಾರು? ಅದರಲ್ಲಿ ಏನಿತ್ತೆಂದು ಫಾರಂ ತುಂಬುವಾಗ ಬೆವರುವವನು ಯಾರು? ದೂರು ಕೊಡಲು ನೀವು ನಿಂತ ಕೌಂಟರ್, ಅಲ್ಲಿ ಕೇಳಿದ ಪ್ರಶ್ನೆಗಳು, ಕಾದ ಬೆಂಚು ಎಲ್ಲವೂ ನಿಮ್ಮ ಸ್ವಂತ ಸರಕು, ಇಂಟರ್‌ನೆಟ್ಟಿನಲ್ಲಿ ಸಿಗುವುದಿಲ್ಲ.

ಪ್ರಶ್ನೆ: ಬಹಳ ವರ್ಷಗಳ ಹಿಂದೆ ನೋಡಿದ ಊರಿನ ಬಗ್ಗೆ ನೆನಪಿನಿಂದಲೇ ಬರೆಯಬಹುದೇ?

ವಾಸನೆ, ಸೆಖೆ, ಭಯ ಇವುಗಳಿಗೆ ನೆನಪನ್ನು ನಂಬಿ. ರಸ್ತೆ, ವೇಳೆ, ಬಾಗಿಲುಗಳಿಗೆ ನಂಬಬೇಡಿ. ಗೂಢಚಾರ ಕಾದಂಬರಿಗಳ ಬ್ರಿಟಿಷ್ ಲೇಖಕ ಜಾನ್ ಲೆ ಕಾರೆ 1974ರಲ್ಲಿ ಪ್ರಕಟವಾದ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ ಕಾದಂಬರಿಯಲ್ಲಿ ಹಳೆಯ ಪ್ರವಾಸಿ ಕೈಪಿಡಿಯೊಂದನ್ನು ನೆಚ್ಚಿಕೊಂಡು ಹಾಂಗ್‌ಕಾಂಗ್‌ನ ದೋಣಿಯಲ್ಲಿ ದೃಶ್ಯವೊಂದನ್ನು ಇಟ್ಟಿದ್ದರು. ಅಷ್ಟರಲ್ಲಿ, ಅಂದರೆ 1972ರಲ್ಲೇ, ಬಂದರಿನ ನೀರಿನಡಿ ವಾಹನಗಳು ಓಡುವ ಸುರಂಗ ತೆರೆದಿತ್ತು. ಆಮೇಲೆ ಅವರು ಸ್ವತಃ ಕಾಲಿಡದ ಜಾಗದಲ್ಲಿ ದೃಶ್ಯ ಇಡುವುದಿಲ್ಲವೆಂದು ಪಣ ತೊಟ್ಟರು. ಅಷ್ಟು ಕಟ್ಟುನಿಟ್ಟು ಎಲ್ಲರ ಜೇಬಿಗೆ ಒಗ್ಗದು. ಆದರೆ ಕಥೆ ನಡೆಯುವ ವರ್ಷ, ತಿಂಗಳನ್ನಾದರೂ ಮೊದಲೇ ಗೊತ್ತುಮಾಡಿಕೊಳ್ಳಿ. ಪರಿಶೀಲನೆ ಅರ್ಧ ಹಗುರಾಗುತ್ತದೆ.

ಆಕಾಶವನ್ನೂ ಬಿಡಬೇಡಿ. ಹುಣ್ಣಿಮೆ ಚಂದ್ರ ಮೂಡುವುದು ಸೂರ್ಯ ಮುಳುಗುವ ಹೊತ್ತಿಗೆ, ನಂತರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ. ನಡುರಾತ್ರಿ ಪೂರ್ಣಚಂದ್ರನನ್ನು ಬೆಟ್ಟದ ಹಿಂದಿನಿಂದ ಎಬ್ಬಿಸುವ ಹಸ್ತಪ್ರತಿಗಳು ಇಂದಿಗೂ ಬರುತ್ತಲೇ ಇವೆ. ಇನ್ನು ನಾರ್ವೆಯ ಟ್ರೊಮ್ಸೊದಲ್ಲಿ ಜೂನ್ ತಿಂಗಳಿಡೀ ಸೂರ್ಯ ಮುಳುಗುವುದೇ ಇಲ್ಲ. ಅಲ್ಲಿ ‘ಕತ್ತಲಲ್ಲಿ ಕರಗಿಹೋದ’ ಎಂದು ಬರೆದರೆ ಓದುಗ ಪುಸ್ತಕ ಮುಚ್ಚುತ್ತಾನೆ. ನಿಮ್ಮ ಹಳೆಯ ಡಿಜಿಟಲ್ ಫೋಟೊಗಳು ಇಲ್ಲಿ ಉಪಯೋಗಕ್ಕೆ ಬಂದಾವು: ತೆಗೆದ ದಿನ, ಗಂಟೆ ಸಾಮಾನ್ಯವಾಗಿ ಫೈಲಿನಲ್ಲೇ ಇರುತ್ತದೆ. ಆ ಹೊತ್ತಿಗೆ ಯಾವ ಗೋಡೆಯ ಮೇಲೆ ನೆರಳಿತ್ತು ಎಂದು ನೋಡಿಕೊಳ್ಳಿ. ಗಡಿಯಾರ ಅಲ್ಲಿನ ಕಾಲಕ್ಕೆ ಹೊಂದಿಸಿತ್ತೇ ಎಂಬುದು ಮಾತ್ರ ಖಾತ್ರಿಯಿರಲಿ.

ಪ್ರಶ್ನೆ: ನಾನು ತಂಗಿದ್ದ ಹೋಟೆಲನ್ನೂ ಅಲ್ಲಿನ ಸ್ವಾಗತಕಾರನನ್ನೂ ಹಾಗೆಯೇ ಬಳಸಿ, ಅವನನ್ನೇ ಖಳನನ್ನಾಗಿ ಮಾಡಬಹುದೇ?

ಬೇಡ. ಊರು ನಿಜವಿರಲಿ, ಹೋಟೆಲ್, ಸಿಬ್ಬಂದಿ ನಿಮ್ಮ ಕಲ್ಪನೆಯದಾಗಿರಲಿ. ಮಾನನಷ್ಟದ ಮೊಕದ್ದಮೆ ಒಂದು ಕಾರಣ. ಕಲ್ಪಿತ ಕಟ್ಟಡದಲ್ಲಿ ಸಿಗುವ ಸ್ವಾತಂತ್ರ್ಯ ಅದಕ್ಕಿಂತ ದೊಡ್ಡ ಕಾರಣ. ಇಯಾನ್ ಫ್ಲೆಮಿಂಗ್ 1941ರಲ್ಲಿ ಪೋರ್ಚುಗಲ್‌ನ ಎಸ್ಟೊರಿಲ್ ಕ್ಯಾಸಿನೊದಲ್ಲಿ ಆಡಿದ್ದರು. 1953ರಲ್ಲಿ ಮೊದಲ ಬಾಂಡ್ ಕಾದಂಬರಿ ಬಂದಾಗ ಜೂಜಿನ ಮೇಜು ಉತ್ತರ ಫ್ರಾನ್ಸಿನ ಕರಾವಳಿಯಲ್ಲಿ ಅವರೇ ಹುಟ್ಟುಹಾಕಿದ ಪಟ್ಟಣವೊಂದರಲ್ಲಿತ್ತು.

ಕಟ್ಟಡವನ್ನು ಕಲ್ಪಿಸಿದ ಮೇಲೆ ನಕ್ಷೆಯೊಂದನ್ನು ಬರೆದಿಟ್ಟುಕೊಳ್ಳಿ: ಮೆಟ್ಟಿಲು ಎಲ್ಲಿ, ಹಿಂಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಸ್ವಾಗತಕಾರನ ಕುರ್ಚಿಯಿಂದ ಲಿಫ್ಟ್ ಕಾಣುತ್ತದೆಯೇ. ಮೂರನೆಯ ಅಧ್ಯಾಯದಲ್ಲಿ ಎಡಕ್ಕಿದ್ದ ಬಾಗಿಲು ಇಪ್ಪತ್ತನೆಯ ಅಧ್ಯಾಯದಲ್ಲಿ ಬಲಕ್ಕೆ ಬಂದರೆ, ಮೊದಲು ಪತ್ರ ಬರೆಯುವವರು ನಿಮ್ಮ ಅತ್ಯಂತ ನಿಷ್ಠಾವಂತ ಓದುಗರೇ.