ಜಗಳದ ನಡುವೆ ಮೇಜಿನ ಮೇಲೆ ಪಿಸ್ತೂಲು

ಪ್ರಶ್ನೆ: ಮಗಳು ಅಮೆರಿಕದ ಟೆಕ್ಸಸ್‌ನಲ್ಲಿದ್ದಾಳೆ. ಗ್ರೀನ್ ಕಾರ್ಡ್ ಬಂದ ಮೇಲೆ ಅಳಿಯಂದಿರು ಪಿಸ್ತೂಲು ಕೊಂಡಿದ್ದಾರೆ. ಜಗಳವಾದಾಗಲೆಲ್ಲ ಅದನ್ನು ತಂದು ಮೇಜಿನ ಮೇಲಿಡುತ್ತಾರಂತೆ. ಒಮ್ಮೆ ಕತ್ತನ್ನೂ ಹಿಸುಕಿದ್ದಾರೆ. ಬರೀ ಹೆದರಿಸಲು ಎನ್ನುತ್ತಾರೆ ಬೀಗರು. ಮಗಳು ಬಿಟ್ಟು ಬರುತ್ತೇನೆ ಎನ್ನುತ್ತಿದ್ದಾಳೆ. ಹೊಂದಿಕೊಂಡು ಹೋಗು ಎನ್ನಲೇ? ಅಲ್ಲಿಯ ಕಾನೂನು ಅವಳನ್ನು ಕಾಯುವುದೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಹೊಂದಿಕೊಂಡು ಹೋಗು ಎಂದು ದಯವಿಟ್ಟು ಹೇಳಬೇಡಿ. ಅಮೆರಿಕದ 11 ನಗರಗಳಲ್ಲಿ ಗಂಡ ಅಥವಾ ಸಂಗಾತಿಯಿಂದ ಕೊಲೆಯಾದ ಹೆಂಗಸರ ಪ್ರಕರಣಗಳನ್ನು, ಪೆಟ್ಟು ತಿಂದೂ ಬದುಕುಳಿದವರ ಪ್ರಕರಣಗಳೊಂದಿಗೆ ಹೋಲಿಸಿ ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಡೆಯುವ ಗಂಡಸಿನ ಕೈಗೆ ಬಂದೂಕು ಎಟುಕುವಂತಿದ್ದರೆ ಕೊಲೆಯ ಅಪಾಯ ಸುಮಾರು ಐದು ಪಟ್ಟು ಹೆಚ್ಚುತ್ತದೆ. ಆಯುಧ ತೋರಿಸಿ ಹೆದರಿಸುವುದು, ಕತ್ತು ಹಿಸುಕುವುದು ಎರಡೂ ಅಪಾಯದ ಮುನ್ಸೂಚನೆಗಳೆಂದು ಅಲ್ಲಿಯ ಪೊಲೀಸರೂ ವೈದ್ಯರೂ ಪರಿಗಣಿಸುತ್ತಾರೆ. ಬೀಗರ ಸಮಾಧಾನದ ಮಾತಿಗಿಂತ ಮಗಳ ಭಯವನ್ನೇ ನೀವು ನಂಬಬೇಕು.

ಕಾನೂನು ಇದೆ. ಯಾರ ವಿರುದ್ಧ ನ್ಯಾಯಾಲಯ ರಕ್ಷಣಾ ಆದೇಶ (ಹೆಂಡತಿಗೆ ತೊಂದರೆ ಕೊಡಬಾರದೆಂಬ ಆದೇಶ) ಹೊರಡಿಸಿದೆಯೋ ಅವನು ಬಂದೂಕು ಇಟ್ಟುಕೊಳ್ಳಬಾರದೆಂದು ಅಮೆರಿಕದ 1994ರ ಕೇಂದ್ರ ಕಾಯ್ದೆ ಹೇಳುತ್ತದೆ. ಟೆಕ್ಸಸ್‌ನದೇ ಆದ ರಹಿಮಿ ಮೊಕದ್ದಮೆಯಲ್ಲಿ ಅದನ್ನು ಪ್ರಶ್ನಿಸಲಾಗಿತ್ತು. 2024ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ 8–1ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಆದರೆ ಈ ನಿಷೇಧ ಅನ್ವಯಿಸುವುದು ಎದುರಾಳಿಗೆ ನೋಟಿಸು ಕೊಟ್ಟು, ವಿಚಾರಣೆಗೆ ಅವಕಾಶವಿತ್ತು ಹೊರಡಿಸಿದ ಆದೇಶಕ್ಕೆ ಮಾತ್ರ. ಹೆಂಡತಿ ಮನೆ ಬಿಟ್ಟ ಮೊದಲ ದಿನಗಳಲ್ಲಿ, ಅಂದರೆ ಅಪಾಯ ಅತಿ ಹೆಚ್ಚಿರುವಾಗಲೇ, ಸಿಗುವ ತಾತ್ಕಾಲಿಕ ಆದೇಶಕ್ಕೆ ಕೇಂದ್ರ ಕಾಯ್ದೆಯ ಈ ಬಲವಿಲ್ಲ. ಆಯುಧವನ್ನು ಯಾರು ಹೋಗಿ ತರಬೇಕೆಂಬುದನ್ನೂ ಅದು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತಾತ್ಕಾಲಿಕ ಆದೇಶ ಕೈಸೇರಿದ 24 ಗಂಟೆಯೊಳಗೆ ಆಯುಧ ಒಪ್ಪಿಸಬೇಕು. ಎಲ್ಲ ರಾಜ್ಯಗಳಲ್ಲೂ ಹಾಗಿಲ್ಲ. ನನ್ನ ದೃಷ್ಟಿಯಲ್ಲಿ ಅಲ್ಲಿಯ ವ್ಯವಸ್ಥೆಯ ದೊಡ್ಡ ಲೋಪ ಇದೇ.

ಆದ್ದರಿಂದ ಬಿಟ್ಟು ಹೋಗುವ ವಿಷಯವನ್ನು ಅವಳು ಗಂಡನೆದುರು ಬಾಯಿಬಿಡದಿರಲಿ. ಅಲ್ಲಿಯ ಕೌಟುಂಬಿಕ ಹಿಂಸೆಯ ರಾಷ್ಟ್ರೀಯ ಸಹಾಯವಾಣಿ 1-800-799-7233 ಹಗಲಿರುಳೂ ತೆರೆದಿರುತ್ತದೆ. ಹೊರಡುವ ದಿನ, ದಾರಿ, ಉಳಿಯುವ ಜಾಗವನ್ನು ಅವರೊಂದಿಗೆ ಮೊದಲೇ ಗೊತ್ತುಮಾಡಿಕೊಳ್ಳಲಿ. ರಕ್ಷಣಾ ಆದೇಶದ ಅರ್ಜಿಯಲ್ಲಿ ಪಿಸ್ತೂಲನ್ನೂ ಕತ್ತು ಹಿಸುಕಿದ್ದನ್ನೂ ಬಿಡಿಸಿ ಬರೆಯಲಿ, ಆಯುಧ ಒಪ್ಪಿಸುವಂತೆ ಆದೇಶಿಸಲು ಸ್ಪಷ್ಟವಾಗಿ ಕೇಳಲಿ. ಅಲ್ಲಿಯ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕಾಗಿ ಬಂದರೆ ಮನೆಯಲ್ಲಿ ಬಂದೂಕಿದೆ ಎಂಬುದನ್ನು ಮೊದಲೇ ತಿಳಿಸಲಿ. ವೀಸಾದ ಅಂಜಿಕೆ ಅನೇಕರ ಬಾಯಿ ಕಟ್ಟುತ್ತದೆ. ರಕ್ಷಣಾ ಆದೇಶ ಕೇಳಲು ಅಲ್ಲಿಯ ಪೌರತ್ವವೇನೂ ಬೇಕಿಲ್ಲ.

ಈ ಉತ್ತರವನ್ನು ಅವಳ ವಾಟ್ಸಾಪ್‌ಗೆ ಕಳುಹಿಸಬೇಡಿ, ಅವಳ ಫೋನನ್ನು ಅಳಿಯಂದಿರು ನೋಡುತ್ತಿರಬಹುದು. ಅವಳು ಕೆಲಸದ ಜಾಗದಲ್ಲೋ ಗೆಳತಿಯ ಮನೆಯಲ್ಲೋ ಇರುವಾಗ ಬಾಯಿಮಾತಿನಲ್ಲಿ ತಿಳಿಸಿ.